ಚಾಳೀಸಿನ ಚರಿತ್ರೆ



ಕನ್ನಡಕಕ್ಕೆ ನಮ್ಮ ಪಂಡಿತರು ಸುಲೋಚನವೆಂದೂ ಉಪನೇತ್ರವೆಂದೂ ಹೆಸರಿಟ್ಟರು. ಜನರ ಬಾಯಲ್ಲಿ ಅದು ಚಾಳೀಸಾಯಿತು. ಹಿಂದೂಸ್ಥಾನಿಯಲ್ಲಿ ಚಾಳೀಸೆಂದರೆ ನಲವತ್ತು. ಕನ್ನಡವೂ ಉರ್ದುವೂ ಒಂದೇ ಬೀದಿಯಲ್ಲಿ ಕೇಳಿಬರುವ ಮೈಸೂರಿನ ಉದಯಗಿರಿಯಲ್ಲಿ ಈ ಮಾತಿನ ಅರ್ಥವನ್ನು ಯಾರಿಗೂ ಬಿಡಿಸಿ ಹೇಳಬೇಕಾಗಿಲ್ಲ. ಕನ್ನಡಕದ ವ್ಯಾಪಾರದ ಪೂರ್ವಚರಿತ್ರೆಯು ಈ ಒಂದು ಶಬ್ದದಲ್ಲಿ ಅಡಗಿದೆ.

ಈ ಸಾಧನವು 13ನೆಯ ಶತಮಾನದ ಕೊನೆಯಲ್ಲಿ ಇಟಲಿಯಲ್ಲಿ ಹುಟ್ಟಿತು. ನಮ್ಮ ನಾಡಿನಲ್ಲಿ ಇದರ ಪ್ರಾಚೀನ ಸುಳಿವು ವಿಜಯನಗರದ ಕಾಲದ್ದು. ಮೈಸೂರಿಗೆ ಸಮೀಪದ ಬನ್ನೂರಿನವರಾದ ವ್ಯಾಸತೀರ್ಥರು ಸುಮಾರು 1520ರಲ್ಲಿ ಉಪನೇತ್ರವನ್ನು ಧರಿಸಿ ಗ್ರಂಥವನ್ನೋದುತ್ತಿದ್ದುದನ್ನು ಸೋಮನಾಥಕವಿಯ ಕಾವ್ಯದಿಂದ ವಿದ್ವಾಂಸರು ಎತ್ತಿ ತೋರಿಸಿರುವರು. ಅಂದು ಅದು ರಾಜಗುರುವಿಗೆ ಮಾತ್ರ ದೊರೆಯಬಹುದಾದ ದುರ್ಲಭ ವಸ್ತು.

ಅನಂತರ ಬಹುಕಾಲ ಯೂರೋಪಿನಲ್ಲಿಯೂ ವರ್ತಕರು ವಯಸ್ಸನ್ನು ಕೇಳಿ ಗಾಜನ್ನು ಮಾರುತ್ತಿದ್ದರು. ಊಹೆಯ ಸ್ಥಾನಕ್ಕೆ ಅಳತೆಯು ಬಂದುದು 19ನೆಯ ಶತಮಾನದಲ್ಲಿ. 1862ರಲ್ಲಿ ಸ್ನೆಲೆನನು ಅಕ್ಷರಫಲಕವನ್ನು ರಚಿಸಿದನು. 1864ರಲ್ಲಿ ಡಾಂಡರ್ಸನು ದೃಷ್ಟಿದೋಷಗಳನ್ನು ಶಾಸ್ತ್ರೀಯವಾಗಿ ವಿಂಗಡಿಸಿದನು. 1872ರಲ್ಲಿ ಮೊನೊಯೆ ಎಂಬುವನು ಗಾಜಿನ ಶಕ್ತಿಗೆ ಡಯಾಪ್ಟರ್ ಎಂಬ ಮಾನವನ್ನು ಸೂಚಿಸಿದನು. ಮೈಸೂರು ಸಂಸ್ಥಾನದಲ್ಲಿ 1896ರಲ್ಲಿ ಬೆಂಗಳೂರಿನ ಕಣ್ಣಾಸ್ಪತ್ರೆಯು ಆರಂಭವಾಗಿ ಮುಂದೆ ಮಿಂಟೋ ಆಸ್ಪತ್ರೆಯೆಂದು ಪ್ರಸಿದ್ಧವಾಯಿತು.

ಆದರೆ ವೈದ್ಯರ ಚೀಟಿಯೇ ಕನ್ನಡಕವಲ್ಲ. ಅಂಗಡಿಯ ಕೆಲಸಗಾರನು ಎರಡು ಕಣ್ಣಿನ ಪಾಪೆಗಳ ನಡುವಣ ಅಂತರವನ್ನು ಮಿಲಿಮೀಟರುಗಳಲ್ಲಿ ಅಳೆದು, ಗಾಜಿನ ಕೇಂದ್ರವು ಪಾಪೆಗೆ ನೇರವಾಗಿ ನಿಲ್ಲುವಂತೆ ಅಂಚನ್ನು ಉಜ್ಜಿ, ಫ್ರೇಮಿಗೆ ಕೂರಿಸಬೇಕು. ಇದು ತಪ್ಪಿದರೆ ಚೀಟಿ ಸರಿಯಾಗಿದ್ದರೂ ಕಣ್ಣು ಬಳಲುವುದು, ತಲೆ ನೋಯುವುದು. ಕೊಳ್ಳುವವನ ಕಸುಬನ್ನೂ ವಿಚಾರಿಸಬೇಕು: ದರ್ಜಿಯ ಸೂಜಿಯ ದೂರ ಬೇರೆ, ಗಾಡಿ ಓಡಿಸುವವನ ರಸ್ತೆಯ ದೂರ ಬೇರೆ.

ಇದು ಬರಿಯ ಅನುಕೂಲದ ಮಾತಲ್ಲ, ಅನ್ನದ ಮಾತು. ಅಸ್ಸಾಮಿನಲ್ಲಿ ನಲವತ್ತು ದಾಟಿದ ಚಹಾತೋಟದ ಕೆಲಸಗಾರರಿಗೆ ಸಮೀಪದೃಷ್ಟಿಯ ಕನ್ನಡಕವನ್ನು ಕೊಟ್ಟು ನಡೆಸಿದ ಪರೀಕ್ಷೆಯ ಫಲವು 2018ರಲ್ಲಿ ಪ್ರಕಟವಾಯಿತು. ಕನ್ನಡಕವಿಲ್ಲದವರಿಗಿಂತ ಅವರ ದುಡಿಮೆಯು ಶೇಕಡ 21ಕ್ಕೂ ಮಿಗಿಲಾಗಿ ಹೆಚ್ಚಿತು. ಸೂಜಿಗೆ ದಾರ ಪೋಣಿಸಲಾರದ ದರ್ಜಿಗೆ ವಯಸ್ಸಾಯಿತೆಂದು ಮನೆಯವರು ಸಮಾಧಾನ ಹೇಳಬಹುದು. ಅಂಗಡಿಯವನು ಹಾಗೆ ಹೇಳಿ ಕಳುಹಿಸುವಂತಿಲ್ಲ. ಒಂದು ಕಾಲಕ್ಕೆ ರಾಜಗುರುವಿನ ಗ್ರಂಥಕ್ಕೆ ಸಂದ ಬೆಳಕನ್ನು ಈ ದರ್ಜಿಯ ಸೂಜಿಗೂ ಸಲ್ಲಿಸುವುದು ಅವನ ವೃತ್ತಿಧರ್ಮ.