ತೆರೆಯಲೊಲ್ಲದ ಆಟ

ಯಂತ್ರಗಳ ಇತಿಹಾಸವನ್ನು ಬರೆಯುವವರು ಆಟಗಳನ್ನು ಅಷ್ಟಾಗಿ ಲೆಕ್ಕಕ್ಕೆ ಹಿಡಿಯುವುದಿಲ್ಲ. ಗಣಕಯಂತ್ರ ಹುಟ್ಟಿದ್ದು ಗಣಿತಕ್ಕಾಗಿ, ಯುದ್ಧಕ್ಕಾಗಿ, ವ್ಯಾಪಾರಕ್ಕಾಗಿ ಎಂದು ಬರೆದು ಮುಗಿಸುತ್ತಾರೆ. ಆದರೆ ಇಂದು ಲಿನಕ್ಸ್ ಎಂದು ಕರೆಯುವ ವ್ಯವಸ್ಥೆಯ ವಂಶಾವಳಿಯನ್ನು ಹಿಡಿದು ಹಿಂದಕ್ಕೆ ನಡೆದರೆ, ಮೂಲಪುರುಷನ ಮನೆಯ ಬಾಗಿಲಲ್ಲೇ ಸರಿಯಾಗಿ ನಡೆಯದ ಒಂದು ಆಟ ಎದುರಾಗುತ್ತದೆ. 1969ರಲ್ಲಿ ಅಮೆರಿಕದ ಬೆಲ್ ಪ್ರಯೋಗಾಲಯದಲ್ಲಿದ್ದ ಕೆನ್ ಥಾಂಪ್ಸನ್ ಅವರು ಸೌರಮಂಡಲದಲ್ಲಿ ನೌಕೆ ನಡೆಸುವ 'ಸ್ಪೇಸ್ ಟ್ರಾವೆಲ್' ಎಂಬ ಆಟವೊಂದನ್ನು ಬರೆದರು. ಅಲ್ಲಿದ್ದ ದೊಡ್ಡ ಯಂತ್ರದ ಮೇಲೆ ಅದು ಕುಂಟುತ್ತ ನಡೆಯಿತು. ಒಂದು ಸಲ ಆಡಿದರೆ ಯಂತ್ರದ ಬಾಬತ್ತಿನ ಖರ್ಚೇ ಸುಮಾರು 75 ಡಾಲರ್ ಬೀಳುತ್ತಿತ್ತು. ಯಾರೂ ಹೆಚ್ಚಾಗಿ ಬಳಸದ ಪಿಡಿಪಿ-7 ಎಂಬ ಚಿಕ್ಕ ಯಂತ್ರವೊಂದು ಥಾಂಪ್ಸನ್ನರ ಕಣ್ಣಿಗೆ ಬಿತ್ತು. ಡೆನಿಸ್ ರಿಚಿ ಅವರನ್ನು ಜತೆಗೆ ಕೂಡಿಸಿಕೊಂಡು ಆಟವನ್ನು ಅದರ ಮೇಲೆ ಹೊಸದಾಗಿ ಬರೆದರು. ಆ ಸಲುವಾಗಿ ಮಾಡಿಕೊಂಡ ಸಲಕರಣೆಗಳೇ ಬೆಳೆದು ಯೂನಿಕ್ಸ್ ಆಯಿತು. ಆಟ ಮರೆತುಹೋಯಿತು, ವ್ಯವಸ್ಥೆ ಉಳಿಯಿತು.

ಆ ಯೂನಿಕ್ಸಿನ ಮಾದರಿಯನ್ನು ಕಣ್ಣ ಮುಂದಿರಿಸಿಕೊಂಡು, 1991ರ ಆಗಸ್ಟ್ 25ರಂದು, ಹೆಲ್ಸಿಂಕಿ ವಿಶ್ವವಿದ್ಯಾಲಯದ 21 ವರ್ಷದ ವಿದ್ಯಾರ್ಥಿ ಲಿನಸ್ ಟೋರ್ವಾಲ್ಡ್ಸ್ ತಾನೊಂದು ಹೊಸ ವ್ಯವಸ್ಥೆಯನ್ನು ಬರೆಯುತ್ತಿರುವೆನೆಂದು ಪ್ರಕಟಿಸಿದನು. ಅದೇ ವರ್ಷ ಅಕ್ಟೋಬರಿನಲ್ಲಿ ಯೂನಿಕೋಡಿನ ಮೊದಲ ಆವೃತ್ತಿ ಹೊರಬಂತು; ಕನ್ನಡದ ಅಕ್ಷರಗಳಿಗೆ ಅದರಲ್ಲಿಯೇ ಸ್ಥಾನ ದೊರೆಯಿತು. ಒಂದೇ ಹಂಗಾಮಿನ ಎರಡು ಬೆಳೆಗಳೆಂದು ಇವನ್ನು ನಾನು ಮನಸ್ಸಿನಲ್ಲಿ ಒಟ್ಟಿಗೆ ಇಟ್ಟುಕೊಂಡಿದ್ದೇನೆ.

ಹೆಲ್ಸಿಂಕಿಗೂ ನಮ್ಮ ಸುರಪುರಕ್ಕೂ ಏನು ಸಂಬಂಧವೆಂದು ವಾಚಕರು ಕೇಳಬಹುದು. ಹೇಳುತ್ತೇನೆ. ಯಾದಗಿರಿ, ಶಹಾಪುರ, ಸುರಪುರದ ಹುಡುಗರ ಕೈಯಲ್ಲಿ ಈಗ ಇರುವ ಲ್ಯಾಪ್‌ಟಾಪುಗಳಲ್ಲಿ ಹಲವು ಎರಡನೆಯ ಕೈಯವು. ಹತ್ತು ಹನ್ನೆರಡು ವರ್ಷ ಎಲ್ಲೋ ಕಚೇರಿಯಲ್ಲಿ ದುಡಿದು, ಅಗ್ಗಕ್ಕೆ ಇತ್ತ ಬಂದಂಥವು. ವಿಂಡೋಸ್ 10ಕ್ಕೆ ಕಂಪನಿಯ ಸಾಮಾನ್ಯ ಆಸರೆ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. ವಿಂಡೋಸ್ 11 ಇಂಥ ಮುದಿ ಯಂತ್ರಗಳನ್ನು ಒಳಗೇ ಬಿಟ್ಟುಕೊಳ್ಳುವುದಿಲ್ಲ. ಆದ್ದರಿಂದ ಹುಡುಗರು ಲಿನಕ್ಸ್ ಹಾಕಿಕೊಳ್ಳುತ್ತಾರೆ. ಪಾಠ, ಟಿಪ್ಪಣಿ, ಅರ್ಜಿ ಎಲ್ಲವೂ ಸುಗಮವಾಗಿ ಸಾಗುತ್ತವೆ. ಸಂಜೆಯ ಹೊತ್ತಿಗೆ ಆಟವೊಂದನ್ನು ತೆರೆಯಹೋದಾಗ ಗಂಟು ಬೀಳುತ್ತದೆ.

ಕಾಲೇಜಿನಲ್ಲಿ ಲಿನಕ್ಸಿನ ಮೇಲೆ ಕನ್ನಡ ಟೈಪು ಮಾಡುವವನು ನಾನೇ ಆದ್ದರಿಂದ ಈ ದೂರುಗಳು ಕನ್ನಡ ಮಾಸ್ತರನ ಬಳಿಗೆ ಬರುತ್ತವೆ. ಶಹಾಪುರದ ಕಡೆಯ ಒಬ್ಬ ವಿದ್ಯಾರ್ಥಿ ಲ್ಯಾಪ್‌ಟಾಪನ್ನು ಮೇಜಿನ ಮೇಲಿಟ್ಟು, "ಒತ್ತಿದ್ರ ಏನೂ ಆಗವಲ್ದು ನೋಡ್ರೀ ಸರ್, ಸುಮ್ನ ಕೂತದ" ಎಂದ. ಚಿತ್ರವನ್ನು ಒತ್ತಿದರೆ ನಿಜಕ್ಕೂ ಏನೂ ಆಗುತ್ತಿರಲಿಲ್ಲ. ಆದರೆ ಯಂತ್ರ ಸುಮ್ಮನೆ ಕೂತಿರಲಿಲ್ಲ. ಅದು ಹೇಳುತ್ತಿತ್ತು, ಹೇಳಿದ ಮಾತು ಕಾಣುವ ಜಾಗದಲ್ಲಿ ಇರಲಿಲ್ಲ, ಅಷ್ಟೆ. ಟರ್ಮಿನಲ್ ಎಂಬ ಕಪ್ಪು ಕಿಟಕಿಯನ್ನು ತೆರೆದು ಅದೇ ಆಟದ ಹೆಸರನ್ನು ಅಲ್ಲಿ ಬರೆದು ನಡೆಸಿದರೆ, ನಾಲ್ಕಾರು ಸಾಲು ಉದುರುತ್ತವೆ. ಆ ಸಾಲುಗಳನ್ನು ಓದುವುದು ಶಾಸನ ಓದಿದಂತೆ: ಸ್ವಸ್ತಿಶ್ರೀಯಿಂದ ಹಿಡಿದು ಬಿರುದಾವಳಿಯ ಭಾಗವನ್ನೆಲ್ಲ ದಾಟಿ, ದಾನ ಯಾರಿಗೆ, ಯಾವ ಭೂಮಿ ಎಂಬ ಸಾಲಿಗೆ ಕಣ್ಣು ಹೋಗಬೇಕು. ಇಲ್ಲಿಯೂ ಹಾಗೆಯೇ. ಹಲವು ಎಚ್ಚರಿಕೆಯ ಸಾಲುಗಳು ನಿರುಪದ್ರವಿಗಳು. ನಡುವೆ ಒಂದು ಸಾಲು, ಇಂಥ ಲೈಬ್ರರಿಯನ್ನು ತೆರೆಯಲಾಗಲಿಲ್ಲ, ಅಂಥ ಕಡತ ಇಲ್ಲ, ಎಂದು ಹೇಳುತ್ತಿರುತ್ತದೆ. ಆ ಸಾಲು ಇಂಗ್ಲಿಷಿನಲ್ಲಿತ್ತು. ಕನ್ನಡ ಮಾಧ್ಯಮದಲ್ಲಿ ಓದಿ ಬಂದ ಹುಡುಗ ಅದನ್ನು ಕಂಡ ಕೂಡಲೇ ಕಣ್ಣು ಬೇರೆ ಕಡೆಗೆ ತಿರುಗಿಸಿದ. ಯಂತ್ರ ಕೆಟ್ಟಿದೆ, ಇಲ್ಲವೆ ಇದು ತನ್ನ ಪಾಲಿನದಲ್ಲ ಎಂಬ ತೀರ್ಮಾನ ಅವನ ಮುಖದ ಮೇಲೆ ಬರೆದಂತಿತ್ತು. ನನಗೆ ಕೆಡುಕೆನಿಸಿದ್ದು ಆಟ ತೆರೆಯದ್ದಕ್ಕಲ್ಲ, ಆ ತೀರ್ಮಾನಕ್ಕೆ.

ಏಕೆಂದರೆ ಆ ಮುಖವನ್ನು ನಮ್ಮ ಸೀಮೆ ಬಹಳ ಕಾಲದಿಂದ ಬಲ್ಲದು. ರಾಜಾ ವೆಂಕಟಪ್ಪ ನಾಯಕರು 1858ರಲ್ಲಿ ಸೆರೆಸಿಕ್ಕ ಮೇಲೆ, 1860ರಲ್ಲಿ ಸುರಪುರವೂ ನಿಜಾಮರ ಕೈಸೇರಿತು. 1880ರ ದಶಕದಲ್ಲಿ ಆ ಸಂಸ್ಥಾನದ ಕಚೇರಿಗಳಲ್ಲಿ ಫಾರಸಿಯ ಜಾಗಕ್ಕೆ ಉರ್ದು ಬಂತು. ಅಲ್ಲಿಂದ 1948ರ ಸೆಪ್ಟೆಂಬರಿನವರೆಗೆ ಮನೆಯಲ್ಲಿ ಒಂದು ನುಡಿ, ಕಚೇರಿಯಲ್ಲಿ ಇನ್ನೊಂದು. ರೈತ ತನ್ನ ಸಂಕಟವನ್ನು ಕನ್ನಡದಲ್ಲಿ ಹೇಳುವುದು, ಮುನ್ಷಿ ಅದನ್ನು ಉರ್ದುವಿನಲ್ಲಿ ಬರೆಯುವುದು, ಬಂದ ಹುಕುಮನ್ನು ಮತ್ತೆ ಕನ್ನಡದಲ್ಲಿ ಕೇಳಿಸಿಕೊಳ್ಳುವುದು, ಹೀಗೆ ವ್ಯವಹಾರ ನಡೆಯುತ್ತಿತ್ತು. ಒಳ್ಳೆಯ ಮುನ್ಷಿ ಸಿಕ್ಕರೆ ಕೆಲಸ ಆಯಿತು. ಅವನಿಗೆ ಒಂದು ಮಾತಿನ ಅರ್ಥ ತಪ್ಪಿದರೆ ಅರ್ಜಿ ಹಾಗೆಯೇ ಬಿದ್ದಿರುತ್ತಿತ್ತು. ರೈತನಿಗೆ ಕಾರಣವೇ ತಿಳಿಯುತ್ತಿರಲಿಲ್ಲ. ಇಂದಿಗೂ ಜಮೀನಿನ ಹಳೆಯ ಕಾಗದವನ್ನು ಹಿಡಿದು ಉರ್ದು ಓದಬಲ್ಲವರನ್ನು ಹುಡುಕುವ ಮನೆಗಳು ಈ ಕಡೆ ಉಂಟು.

ವಿಂಡೋಸಿಗಾಗಿ ಬರೆದ ಆಟ ಲಿನಕ್ಸಿನ ಮೇಲೆ ನಡೆಯುವುದು ಇಂಥ ಮುನ್ಷಿಯ ಬಲದಿಂದಲೇ. ಅವನ ಹೆಸರು ವೈನ್. ಮದ್ಯಕ್ಕೂ ಇದಕ್ಕೂ ಸಂಬಂಧವಿಲ್ಲ. ತಾನು ಇನ್ನೊಂದು ಯಂತ್ರದ ಸೋಗು ಹಾಕುವುದಿಲ್ಲ ಎಂಬ ಅರ್ಥದ ಇಂಗ್ಲಿಷ್ ಮಾತಿನ ಮೊದಲಕ್ಷರಗಳವು. 1993ರಲ್ಲಿ ಬಾಬ್ ಆಮ್‌ಸ್ಟಾಟ್ ಮುಂತಾದವರು ಈ ಕೆಲಸವನ್ನು ಆರಂಭಿಸಿದರು. 1994ರಿಂದ ಅಲೆಕ್ಸಾಂಡರ್ ಜುಲಿಯಾರ್ಡ್ ಹೊಣೆ ಹೊತ್ತರು. ಆಟವು "ಕಿಟಕಿ ತೆರೆ, ಈ ಕಡತ ಕೊಡು" ಎಂದು ವಿಂಡೋಸಿನ ನುಡಿಯಲ್ಲಿ ಕೇಳುತ್ತದೆ. ವೈನ್ ಅದನ್ನು ಲಿನಕ್ಸಿನ ನುಡಿಗೆ ತಿರುಗಿಸಿ ಕೇಳಿ, ಉತ್ತರವನ್ನು ಮರಳಿ ತಲುಪಿಸುತ್ತದೆ. ಕಷ್ಟವೆಂದರೆ, ವಿಂಡೋಸಿನ ಒಳಗಿನ ಮಾತಿಗೆಲ್ಲ ಪೂರ್ಣವಾದ ಕೋಶ ಯಾರ ಕೈಗೂ ಸಿಕ್ಕಿರಲಿಲ್ಲ. ಇಂಥದನ್ನು ಕೇಳಿದರೆ ಅದು ಏನು ಹೇಳುತ್ತದೆ ಎಂದು ಕೇಳಿ ಕೇಳಿ ಬರೆದುಕೊಳ್ಳಬೇಕಾಯಿತು. ಜನರ ಬಾಯಿಂದ ಮಾತುಗಳನ್ನೂ ಕಲೆಹಾಕಿ 1894ರಲ್ಲಿ ಮಂಗಳೂರಿನಲ್ಲಿ ನಿಘಂಟನ್ನು ಪ್ರಕಟಿಸಿದ ಕಿಟ್ಟೆಲರ ಶ್ರಮ ನೆನಪಾಗುತ್ತದೆ. ಅಷ್ಟೇ ಅಲ್ಲ, ವಿಂಡೋಸಿನ ತಪ್ಪುಗಳನ್ನೂ ತಪ್ಪಾಗಿಯೇ ನಕಲು ಮಾಡಬೇಕಾಯಿತು; ಆಟಗಳು ಆ ತಪ್ಪುಗಳನ್ನು ನಂಬಿಕೊಂಡೇ ಬರೆಯಲ್ಪಟ್ಟಿದ್ದವು. ಮೊದಲ ಪೂರ್ಣ ಆವೃತ್ತಿ ಬಂದದ್ದು 2008ರ ಜೂನಿನಲ್ಲಿ, 15 ವರ್ಷಗಳ ಬಳಿಕ.

ಮತ್ತೆ ಶಹಾಪುರದ ಹುಡುಗನ ಲ್ಯಾಪ್‌ಟಾಪಿಗೆ ಬರೋಣ. ಸಿಗದ ಲೈಬ್ರರಿ 32 ಬಿಟ್ಟಿನದು. ಹಳೆಯ ಆಟಗಳು 1985ರಲ್ಲಿ ಬಂದ ಇಂಟೆಲ್ 80386 ಚಿಪ್ಪಿನ ಸಂಪ್ರದಾಯದವು. ಈಗಿನ ವ್ಯವಸ್ಥೆ 64 ಬಿಟ್ಟಿನದು. ಟೋರ್ವಾಲ್ಡ್ಸ್ ತನ್ನ ಮೊದಲ ಲಿನಕ್ಸನ್ನು ಬರೆದದ್ದು ಆ 386ರ ಮೇಲೆಯೇ. ಆ ಚಿಪ್ಪಿಗಿದ್ದ ಆಸರೆಯನ್ನು ಲಿನಕ್ಸಿನವರು 2012ರ ಡಿಸೆಂಬರಿನಲ್ಲಿ ತೆಗೆದುಹಾಕಿದರು, ತೊಟ್ಟಿಲನ್ನು ಅಟ್ಟಕ್ಕೇರಿಸಿದಂತೆ. ಆದರೆ ಚಿಪ್ಪು ಹೋದರೂ ಅದರ ನುಡಿ ಹೋಗಲಿಲ್ಲ. 2019ರ ಜೂನಿನಲ್ಲಿ ಉಬುಂಟು ಸಂಸ್ಥೆ 32 ಬಿಟ್ಟಿನ ಲೈಬ್ರರಿಗಳನ್ನು ಇನ್ನು ಕೊಡುವುದಿಲ್ಲವೆಂದಿತು. ಸ್ಟೀಮ್ ಎಂಬ ಆಟದ ಅಂಗಡಿಯನ್ನು ನಡೆಸುವ ವಾಲ್ವ್ ಕಂಪನಿ, ಹಾಗಾದರೆ ಉಬುಂಟುವಿಗೆ ನಮ್ಮ ಆಸರೆ ಇಲ್ಲ ಎಂದಿತು. ಕೆಲವೇ ದಿನಗಳಲ್ಲಿ ಉಬುಂಟು ಹಿಂದೆಗೆಯಿತು. ಆ ಜಗಳ ಹಾಗೆ ಮುಗಿದ ಫಲವಾಗಿ, ಐ386 ಎಂಬ ಹಳೆಯ ಶಾಖೆಯನ್ನು ವ್ಯವಸ್ಥೆಗೆ ಕೂಡಿಸಿ, ಕಾಣೆಯಾದ ಲೈಬ್ರರಿಯನ್ನು ಈಗಲೂ ತರಿಸಿಕೊಳ್ಳಬಹುದು. ಯಾವುದು ಇದೆ, ಯಾವುದು ಇಲ್ಲ ಎಂದು ತಿಳಿಯಲು ಎಲ್‌ಡಿಡಿ ಎಂಬ ಆಜ್ಞೆಯುಂಟು. ಅದು ಮದುವೆ ಮನೆಯ ಸಾಮಾನಿನ ಪಟ್ಟಿಯಂತೆ ಒಂದೊಂದೇ ಹೆಸರು ಹೇಳಿ, ಇಲ್ಲದ್ದರ ಮುಂದೆ ಇಲ್ಲವೆಂದೇ ಬರೆಯುತ್ತದೆ. ಹುಡುಗ ಆ ಪಟ್ಟಿಯನ್ನು ತಾನೇ ಓದಿ, ಎರಡು ಹೆಸರುಗಳ ಮೇಲೆ ಬೆರಳಿಟ್ಟ.

ಅವನ ಎರಡನೆಯ ಆಟದ ಕಥೆ ಬೇರೆ. 1995ರಲ್ಲಿ ಮೈಕ್ರೋಸಾಫ್ಟ್ ಆಟಗಳಿಗೆಂದೇ ಡೈರೆಕ್ಟ್‌ಎಕ್ಸ್ ಎಂಬ ನುಡಿಯನ್ನು ತಂದಿತು. ವಿಂಡೋಸಿನ ಆಟಗಳಲ್ಲಿ ಬಹುಪಾಲು ಚಿತ್ರ ಬರೆಸಿಕೊಳ್ಳುವುದು ಆ ನುಡಿಯಲ್ಲಿ. ಲಿನಕ್ಸಿಗೆ ಅದು ಬಾರದು. 2016ರಲ್ಲಿ ಎಲ್ಲ ಯಂತ್ರಗಳಿಗೂ ಸಾಮಾನ್ಯವಾದ ವಲ್ಕನ್ ಬಂತು. ನೀಯರ್: ಆಟೊಮಾಟಾ ಎಂಬ ಆಟ ತನ್ನ ಲಿನಕ್ಸಿನ ಮೇಲೆ ನಡೆಯಲೆಂದು ಫಿಲಿಪ್ ರೆಬೋಲೆ ಎಂಬ ತರುಣ ಡೈರೆಕ್ಟ್‌ಎಕ್ಸನ್ನು ವಲ್ಕನ್ನಿಗೆ ತಿರುಗಿಸುವ ಡಿಎಕ್ಸ್‌ವಿಕೆಯನ್ನು ಬರೆಯತೊಡಗಿದ. ಥಾಂಪ್ಸನ್ನರ ಸಂಗತಿಯೇ ಅರ್ಧ ಶತಮಾನದ ತರುವಾಯ ಮತ್ತೊಮ್ಮೆ ನಡೆಯಿತು! ವಾಲ್ವ್ ಅದನ್ನೂ ವೈನನ್ನೂ ಕೂಡಿಸಿ 2018ರ ಆಗಸ್ಟ್ 21ರಂದು ಪ್ರೋಟಾನ್ ಎಂಬ ಹೆಸರಿನಲ್ಲಿ ಹೊರತಂದಿತು. 2022ರಲ್ಲಿ ಬಂದ ಸ್ಟೀಮ್ ಡೆಕ್ ಎಂಬ ಕೈಯಂತ್ರವೂ ಇದರ ಮೇಲೆಯೇ ನಿಂತಿದೆ.

ಇಷ್ಟಿದ್ದೂ ಶಹಾಪುರದಲ್ಲಿ ಆಟ ತೆರೆಯಲಿಲ್ಲ. ಹೊಸ ಡಿಎಕ್ಸ್‌ವಿಕೆ, 2022ರಲ್ಲಿ ಬಂದ ತನ್ನ ಎರಡನೆಯ ಆವೃತ್ತಿಯಿಂದ ಮುಂದಕ್ಕೆ, ವಲ್ಕನ್ 1.3ನ್ನು ಬೇಡುತ್ತದೆ, 2012-13ರ ಸುಮಾರಿನ ಇಂಟೆಲ್ ಚಿತ್ರಚಿಪ್ಪುಗಳಿಗೆ ಅದು ಪೂರ್ಣವಾಗಿ ಬಾರದು. ಇಲ್ಲಿ ಹೊಸ ಮುನ್ಷಿಯನ್ನು ಬದಿಗಿಟ್ಟು ಹಳೆಯವನನ್ನು ಕರೆಯಬೇಕು. ಪ್ರೋಟಾನಿನಲ್ಲಿಯೇ ವೈನ್‌ಡಿ3ಡಿ ಎಂಬ ಹಳೆಯ ದಾರಿಯುಂಟು. ಅದು 1992ರ ಓಪನ್‌ಜಿಎಲ್ ಮೂಲಕ ಚಿತ್ರ ಬರೆಯುತ್ತದೆ. ಆಟದ ಲಾಂಚ್ ಆಯ್ಕೆಯಲ್ಲಿ ಒಂದು ಸಾಲು ಬರೆದರೆ ಆ ದಾರಿ ತೆರೆಯುತ್ತದೆ. ನಿಧಾನವಾಗಿಯಾದರೂ ಪರದೆ ಬೆಳಗಿತು.

ಸಣ್ಣ ತೊಡಕುಗಳು ಇನ್ನೂ ಉಂಟು. ಇಳಿಸಿಕೊಂಡ ಕಡತಕ್ಕೆ ನಡೆಯುವ ಅಪ್ಪಣೆ ಕೊಡದಿದ್ದರೆ ಅದು ಕದಲುವುದಿಲ್ಲ. ಯೂನಿಕ್ಸಿನ ಕಾಲದ ಕಟ್ಟಳೆ ಅದು. ವಿಂಡೋಸಿನ ಪಾಲಿನ ಡಿಸ್ಕಿನಲ್ಲಿಯೇ ಆಟವನ್ನು ಬಿಟ್ಟು, ವಿಂಡೋಸನ್ನು ಪೂರ್ತಿ ಮುಚ್ಚದೆ ಎದ್ದು ಬಂದರೆ, ಲಿನಕ್ಸಿಗೆ ಆ ಡಿಸ್ಕು ಓದಲಷ್ಟೇ ಸಿಗುವುದುಂಟು, ಬರೆಯಲು ಸಿಗದು. ಸುರಪುರವೆಂದು ಇಂಗ್ಲಿಷಿನಲ್ಲಿ ದೊಡ್ಡ ಎಸ್‌ನಿಂದ ಬರೆದರೆ ಒಂದು ಊರು, ಚಿಕ್ಕ ಎಸ್‌ನಿಂದ ಬರೆದರೆ ಬೇರೊಂದು ಊರು ಎಂಬುದು ಲಿನಕ್ಸಿನ ನಿಲುವು. ವಿಂಡೋಸು ಎರಡನ್ನೂ ಒಂದೆನ್ನುತ್ತದೆ. ಅಕ್ಷರಗಳಲ್ಲಿ ದೊಡ್ಡದು ಚಿಕ್ಕದು ಎಂಬ ಭೇದವೇ ಇಲ್ಲದ ನಮಗೆ ಇದು ವಿಚಿತ್ರ. ಆದರೆ 'ಕಲ'ಕ್ಕೂ 'ಖಲ'ಕ್ಕೂ ಭೇದ ಮಾಡುವ ಕನ್ನಡ ಮಾಸ್ತರ ನಾನು ಲಿನಕ್ಸಿನ ಪಕ್ಷವನ್ನೇ ಹಿಡಿಯಬೇಕಾಗಿದೆ. ಫೋಲ್ಡರಿಗೆ ಕನ್ನಡದಲ್ಲಿ ಹೆಸರಿಟ್ಟರೆ ಕೆಲವು ಹಳೆಯ ಆಟಗಳು ಕಂಗೆಡುತ್ತವೆ. ಯೂನಿಕೋಡ್ ಬಂದ ಮೇಲೆಯೂ ಅದನ್ನು ಲೆಕ್ಕಿಸದೆ ಬರೆದವರ ತಪ್ಪು ಅದು. ಹೆಸರು ಬದಲಾಯಿಸುವವರು ಮಾತ್ರ ನಾವು.

ಯಾವ ಮುನ್ಷಿಯೂ ಒಳಹೋಗಲಾಗದ ಕಚೇರಿಗಳೂ ಇವೆ. ಹಲವರು ಕೂಡಿ ಜಾಲದ ಮೇಲೆ ಆಡುವ ಆಟಗಳಲ್ಲಿ ಮೋಸ ತಡೆಯಲು ಕಾವಲು ಇಡುತ್ತಾರೆ. ಆ ಕಾವಲು ವಿಂಡೋಸಿನ ಒಳಮನೆಯಲ್ಲಿಯೇ ಕುಳಿತಿರಬೇಕೆಂದು ಕೆಲವರ ಹಟ. ವ್ಯಾಲರಂಟ್ ಅಂಥದು. 2021ರಲ್ಲಿ ಈಸಿ ಆಂಟಿ-ಚೀಟ್, ಬ್ಯಾಟಲ್‌ಐ ಎಂಬ ಎರಡು ಕಾವಲುಗಳು ಪ್ರೋಟಾನಿಗೆ ಬಾಗಿಲು ತೆರೆದವು. ಆದರೆ ತೆರೆಯುವುದು ಬಿಡುವುದು ಆಯಾ ಆಟದ ಒಡೆಯರ ಇಚ್ಛೆ. ಅಪೆಕ್ಸ್ ಲೆಜೆಂಡ್ಸ್ ತೆರೆದಿಟ್ಟಿದ್ದ ಬಾಗಿಲನ್ನು 2024ರ ಅಕ್ಟೋಬರ್ 31ರಂದು ಮುಚ್ಚಿತು. ಇಲ್ಲಿ ಟರ್ಮಿನಲ್ ಓದಿ ಫಲವಿಲ್ಲ. ಆ ಮಾತನ್ನು ಹುಡುಗರಿಗೆ ಮೊದಲೇ ಹೇಳಿಬಿಟ್ಟರೆ ಅವರ ಎರಡು ರಾತ್ರಿಗಳು ಉಳಿಯುತ್ತವೆ.

ಲಿನಕ್ಸಿಗೆಂದೇ ಮಾಡಿದ ಆಟಗಳ ಗತಿಯೂ ಒಂದೇ ಬಗೆಯದಲ್ಲ. 1998ರಲ್ಲಿ ಸ್ಕಾಟ್ ಡ್ರೇಕರ್ ಅವರು ಕ್ಯಾಲಿಫೋರ್ನಿಯಾದಲ್ಲಿ ಲೋಕಿ ಎಂಬ ಕಂಪನಿಯನ್ನು ಕಟ್ಟಿ, ಹೆಸರುವಾಸಿಯಾದ ಆಟಗಳನ್ನು ಲಿನಕ್ಸಿಗೆ ತಂದು ಮಾರಿದರು. 2002ರ ಜನವರಿಯಲ್ಲಿ ಅಂಗಡಿ ಮುಚ್ಚಿತು. ಅವರ ಆಟಗಳನ್ನು ಇಂದಿನ ಲಿನಕ್ಸಿನ ಮೇಲೆ ತೆರೆಯಹೋದರೆ ಹಳೆಯ ಲೈಬ್ರರಿಗಳಿಗಾಗಿ ತಡಕಾಡಬೇಕಾಗುತ್ತದೆ. ಅದೇ ಕಾಲದ ಎಷ್ಟೋ ವಿಂಡೋಸ್ ಆಟಗಳು ವೈನಿನ ಮೂಲಕ ಅವಕ್ಕಿಂತ ಸುಲಭವಾಗಿ ತೆರೆದುಕೊಳ್ಳುತ್ತವೆ. ಇನ್ನೊಂದು ಕಡೆ, 1993ರ ಡೂಮ್ ಎಂಬ ಆಟವನ್ನು ನೋಡಿ. 1997ರ ಡಿಸೆಂಬರಿನಲ್ಲಿ ಜಾನ್ ಕಾರ್ಮ್ಯಾಕ್ ಅದರ ಮೂಲಪಾಠವನ್ನೇ ಬಿಟ್ಟುಕೊಟ್ಟರು. ಕೊಟ್ಟದ್ದು ಲಿನಕ್ಸಿನ ಪ್ರತಿ. ಓಲೆಗರಿಯನ್ನು ತಲೆಮಾರಿಗೊಮ್ಮೆ ಪ್ರತಿಮಾಡಿದಂತೆ ಹೊಸ ಹೊಸ ಯಂತ್ರಕ್ಕೆ ಅದನ್ನು ಬರೆದುಕೊಳ್ಳುತ್ತ ಬಂದಿದ್ದಾರೆ. ಹನ್ನೆರಡು ವರ್ಷದ ಲ್ಯಾಪ್‌ಟಾಪಿನ ಮೇಲೂ ಅದು ತಕರಾರಿಲ್ಲದೆ ತೆರೆದುಕೊಳ್ಳುತ್ತದೆ. ಲೋಕಿಯ ಮನೆಯಿಂದ ಉಳಿದ ಮುಖ್ಯ ಆಸ್ತಿಯೆಂದರೆ ಎಸ್‌ಡಿಎಲ್ ಎಂಬ ಲೈಬ್ರರಿ. ಸ್ಯಾಮ್ ಲಾಂಟಿಂಗಾ ಅವರು 1998ರಲ್ಲಿ ಅದನ್ನು ಬರೆದು, ಬಳಿಕ ಲೋಕಿಯಲ್ಲಿ ಸೇರಿಕೊಂಡು ಬೆಳೆಸಿದರು. ಇಂದಿನ ಎಷ್ಟೋ ಆಟಗಳು ಬಾಗಿಲಲ್ಲೇ ನಿಂತು ಮೊದಲು ಕೇಳುವುದು ಅದನ್ನೇ. ಎಲ್‌ಡಿಡಿಯ ಪಟ್ಟಿಯಲ್ಲಿ ಶಹಾಪುರದ ಹುಡುಗ ಬೆರಳಿಟ್ಟ ಎರಡು ಹೆಸರುಗಳಲ್ಲಿ ಒಂದು ಎಸ್‌ಡಿಎಲ್.