ನಕ್ಷತ್ರನೌಕೆಯ ದುಭಾಷಿ

ಪುಣೆಯ ಕರ್ವೆ ನಗರದಲ್ಲಿರುವ ಗೆಳತಿಯ ಮನೆಯಲ್ಲಿ ತಿಂಗಳಿಗೊಮ್ಮೆ ನಾವು ಐದಾರು ಮಂದಿ ಸೇರುತ್ತೇವೆ. ಪೋಹೆ ಮುಗಿದು ಎರಡನೇ ಚಹಾ ಬರುವ ಹೊತ್ತಿಗೆ ಹಳೆಯ ಜಗಳ ಶುರುವಾಗುತ್ತದೆ: ‘ಸ್ಟಾರ್ ಟ್ರೆಕ್’ ಸರಣಿಗಳಲ್ಲಿ ಯಾವುದು ಮಿಗಿಲು? ಗೆಳತಿಯ ಕಾಕಾ 1966ರ ಮೂಲ ಸರಣಿಯ ಪಕ್ಷ. ದೂರದರ್ಶನದಲ್ಲಿ ಭಾನುವಾರ ಬೆಳಿಗ್ಗೆ ಅದನ್ನು ನೋಡುತ್ತಿದ್ದ ದಿನಗಳನ್ನು ಅವರು ಇನ್ನೂ ನೆನೆಯುತ್ತಾರೆ. ‘ಇಂಗ್ಲಿಷು ಅರ್ಧ ತಿಳೀತಿರಲಿಲ್ಲ, ಸ್ಪಾಕ್‌ನ ಹುಬ್ಬು ಪೂರಾ ತಿಳೀತಿತ್ತು’ ಅನ್ನುವುದು ಅವರ ವಾದ. ಗೆಳತಿಯದು ‘ನೆಕ್ಸ್ಟ್ ಜನರೇಶನ್’. ಅವಳ ಗಂಡನದು ‘ಡೀಪ್ ಸ್ಪೇಸ್ ನೈನ್’. ಆ ಪಕ್ಷದವರಿಗೆ ತಾವೇ ಹೆಚ್ಚು ಪ್ರೌಢರೆಂಬ ಸಣ್ಣ ಜಂಬವೂ ಇರುತ್ತದೆ. ನನ್ನ ಸರದಿ ಬಂದಾಗ ನಾನು ‘ಎಂಟರ್‌ಪ್ರೈಸ್’ ಅನ್ನುತ್ತೇನೆ. ಎಲ್ಲರೂ ನಗುತ್ತಾರೆ.

ನಗುವುದು ಸಹಜ. 2001ರಲ್ಲಿ ಶುರುವಾದ ಆ ಸರಣಿ ನಾಲ್ಕೇ ಸೀಸನ್‌ಗೆ, 2005ರಲ್ಲಿ ನಿಂತುಹೋಯಿತು. ಅದರ ಹಿಂದಿನ ಮೂರು ಸರಣಿಗಳು ತಲಾ ಏಳು ಸೀಸನ್ ಓಡಿದ್ದವು. ಅದರ ಶೀರ್ಷಿಕೆ ಗೀತೆಯನ್ನು ಸಮರ್ಥಿಸುವ ಧೈರ್ಯ ನನಗೂ ಇಲ್ಲ. ಆದರೆ ಹೊಟ್ಟೆಪಾಡಿಗೆ ಅನುವಾದ ಮಾಡುವ ನಾನು ಈ ಸರಣಿಗಳನ್ನು ಅಳೆಯುವುದು ಒಂದೇ ಅಳತೆಗೋಲಿನಿಂದ: ಬೇರೆ ಲೋಕದವರು ಎದುರಾದಾಗ ಅವರ ಮಾತು ಇವರಿಗೆ ತಿಳಿಯುವುದು ಹೇಗೆ? ಆ ಕೆಲಸ ಮಾಡುವವರು ಯಾರು?

ಮೂಲ ಸರಣಿಯಲ್ಲಿ ಈ ಪ್ರಶ್ನೆ ಹೆಚ್ಚುಕಡಿಮೆ ಏಳುವುದೇ ಇಲ್ಲ. ಎಲ್ಲ ಗ್ರಹದವರೂ ಇಂಗ್ಲಿಷಿನಲ್ಲೇ ಮಾತಾಡುತ್ತಾರೆ. ಸಂಪರ್ಕ ಅಧಿಕಾರಿ ಉಹುರಾಳ ಹೆಸರು ಸ್ವಾಹಿಲಿಯಲ್ಲಿ ಸ್ವಾತಂತ್ರ್ಯ ಎನ್ನುವ ಪದದಿಂದ ಬಂದದ್ದು, ಆದರೆ ಅವಳಿಗೆ ಸಿಕ್ಕ ಸ್ವಾತಂತ್ರ್ಯ ಕಡಿಮೆ. ಬಹುಪಾಲು ಕಿವಿಗೆ ಸಾಧನ ಸಿಕ್ಕಿಸಿಕೊಂಡು ಕರೆ ಬಂದಿದೆ ಎಂದು ತಿಳಿಸುವುದಷ್ಟೇ. 1967ರ ‘ಮೆಟಮಾರ್ಫೋಸಿಸ್’ ಕಂತಿನಲ್ಲಿ ಮಾತ್ರ ಕ್ಯಾಪ್ಟನ್ ಕರ್ಕ್ ಒಂದು ಕೊಳವೆಯಂಥ ಯಂತ್ರ ಹಿಡಿದು ಅದರ ಗುಟ್ಟು ವಿವರಿಸುತ್ತಾನೆ. ಬುದ್ಧಿಯಿರುವ ಜೀವಿಗಳಿಗೆಲ್ಲ ಸಮಾನವಾದ ಕೆಲವು ಪರಿಕಲ್ಪನೆಗಳಿವೆ, ಯಂತ್ರ ಮಿದುಳಿನ ತರಂಗಗಳಲ್ಲಿ ಅವನ್ನು ಗುರುತಿಸಿ ವ್ಯಾಕರಣ ಜೋಡಿಸಿಕೊಡುತ್ತದೆ ಎಂದು. ಎರಡು ವರ್ಷ ಮೊದಲಷ್ಟೇ ಚಾಮ್‌ಸ್ಕಿಯ ‘ಆಸ್ಪೆಕ್ಟ್ಸ್’ ಪುಸ್ತಕ ಬಂದಿತ್ತು. ಸಾರ್ವತ್ರಿಕ ವ್ಯಾಕರಣದ ಗಾಳಿ ಟಿವಿಗೂ ಬೀಸಿತ್ತೇನೋ.

ಆ ಕಂತಿನಲ್ಲಿ ಮೋಡದಂಥ ಒಂದು ಜೀವಿಯಿದೆ. ಯಂತ್ರ ಅದಕ್ಕೆ ಹೆಣ್ಣಿನ ದನಿ ಕೊಡುತ್ತದೆ. ಆ ಕ್ಷಣದಿಂದ ಎಲ್ಲರೂ ಅದನ್ನು ಪ್ರೇಮಿಸುವ ಹೆಣ್ಣೆಂದೇ ಕಾಣುತ್ತಾರೆ. ಕನ್ನಡದಲ್ಲಿ ಹೇಳುವುದಾದರೆ ಒಂದು ‘ಅದು’ ಕಣ್ಣೆದುರೇ ‘ಅವಳು’ ಆಗುತ್ತದೆ, ಹಾಗೆ ಮಾಡಿದ್ದು ದುಭಾಷಿ ಯಂತ್ರ. ಯಾರೂ ಅದನ್ನು ತಡೆದು ‘ಇದು ನಿನಗೆ ಹೇಗೆ ಗೊತ್ತು’ ಅಂತ ಕೇಳುವುದಿಲ್ಲ. ಕಾಕಾಗೆ ಇದನ್ನು ಹೇಳಿದರೆ, ‘ನೀನು ಕಥೆ ನೋಡೋದಿಲ್ಲ, ಸರ್ವನಾಮ ನೋಡ್ತೀ’ ಎಂದರು.

‘ನೆಕ್ಸ್ಟ್ ಜನರೇಶನ್’ 1987ರಿಂದ 1994ರವರೆಗೆ ನಡೆಯಿತು. ಅಷ್ಟು ಹೊತ್ತಿಗೆ ಯಂತ್ರ ಕಣ್ಣಿಗೆ ಕಾಣದಂತಾಗಿತ್ತು, ಗಾಳಿಯಲ್ಲೇ ಅನುವಾದ. ಯಂತ್ರಮಾನವ ಡೇಟಾ ತಾನೇ ಕಟ್ಟಿದ ಮಗಳಿಗೆ ಲಾಲ್ ಎಂದು ಹೆಸರಿಟ್ಟು, ಹಿಂದಿಯಲ್ಲಿ ಅದಕ್ಕೆ ಪ್ರೀತಿಪಾತ್ರ ಎಂಬರ್ಥ ಎನ್ನುತ್ತಾನೆ. ಕಾಕಾಗೆ ಅದು ಕೆಂಪು. ಲಾಲಿ, ಲಾಲನೆ ಕೇಳಿ ಬೆಳೆದ ನನ್ನ ಕಿವಿ ಡೇಟಾನ ಪರ.

ಈ ಸರಣಿಯ ಹೆಮ್ಮೆ 1991ರ ‘ಡಾರ್ಮಾಕ್’. ಟಮೇರಿಯನ್ ಜನರ ಒಂದೊಂದು ಪದವನ್ನೂ ಯಂತ್ರ ಅನುವಾದಿಸುತ್ತದೆ, ಆದರೂ ಏನೂ ಅರ್ಥವಾಗುವುದಿಲ್ಲ. ಅವರು ಮಾತಾಡುವುದು ಪೂರ್ತಿ ತಮ್ಮ ಪುರಾಣದ ಪ್ರಸಂಗಗಳ ಮೂಲಕ. ಇಂಥವನು ಇಂಥ ಊರಲ್ಲಿ ಎಂದರೆ ಒಂದು ಇಡೀ ಸನ್ನಿವೇಶ ಬಂತು. ಅಮೆರಿಕದ ಪ್ರೇಕ್ಷಕರಿಗೆ ಇದು ಅಚ್ಚರಿ. ನಮಗೇನು? ಉತ್ತರನ ಪೌರುಷ, ಭಗೀರಥ ಪ್ರಯತ್ನ, ಕುಂಭಕರ್ಣನ ನಿದ್ದೆ ಎನ್ನುವ ನಾವು ಅರ್ಧ ಟಮೇರಿಯನ್ನರೇ. ಪುಣೆಗೆ ಬಂದ ಹೊಸದರಲ್ಲಿ ಯಾರೋ ನನ್ನ ಬಳಸುದಾರಿಯ ವಾದವನ್ನು ‘ದ್ರಾವಿಡಿ ಪ್ರಾಣಾಯಾಮ’ ಎಂದಾಗ, ಮರಾಠಿಯಲ್ಲಿ ಅದೊಂದು ನುಡಿಗಟ್ಟು ಎಂದು ತಿಳಿಯದೆ, ನನ್ನ ಊರನ್ನೇ ಆಡಿಕೊಂಡರು ಅಂದುಕೊಂಡು ಎರಡು ದಿನ ಮುನಿಸಿಕೊಂಡಿದ್ದೆ. ಪದಗಳೆಲ್ಲ ತಿಳಿದಿದ್ದವು. ಡಾರ್ಮಾಕ್ ಅಂದರೆ ಇದೇ. ಭಾಷಾಶಾಸ್ತ್ರದವರ ತಕರಾರೂ ಒಂದಿದೆ: ಸಾದಾ ಮಾತೇ ಇಲ್ಲದಿದ್ದರೆ ಆ ಮಕ್ಕಳಿಗೆ ಕಥೆ ಹೇಳಿಕೊಟ್ಟವರು ಯಾವ ಮಾತಿನಲ್ಲಿ? ಆದರೂ ಅಷ್ಟೂ ಸರಣಿಗಳಲ್ಲಿ ಒಂದೇ ಒಂದು ಕಂತು ಆರಿಸಿ ಎಂದರೆ ನಾನು ಆರಿಸುವುದು ಇದನ್ನೇ. ಗೆಳತಿ ಈ ಮಾತನ್ನು ಪ್ರತಿ ಸಲ ನನ್ನ ಸೋಲೆಂದು ಬರೆದಿಟ್ಟುಕೊಳ್ಳುತ್ತಾಳೆ.

ಅದೇ 1991ರಲ್ಲಿ ಬಂದ ಆರನೇ ಸಿನಿಮಾದಲ್ಲಿ ಉಹುರಾ ಮತ್ತು ಸಂಗಡಿಗರು ಶತ್ರುಗಳಾದ ಕ್ಲಿಂಗಾನರ ಗಡಿಠಾಣೆಗೆ ಉತ್ತರ ಕೊಡಲು ದಪ್ಪ ನಿಘಂಟುಗಳನ್ನು ತಿರುವಿ ತಡವರಿಸುತ್ತಾರೆ. ದೃಶ್ಯವನ್ನು ನಗುವಿಗಾಗಿ ಬರೆದದ್ದು. ಸಂಪರ್ಕ ಅಧಿಕಾರಿಗೇ ಶತ್ರುವಿನ ಭಾಷೆ ಬಾರದು!

ಆ ಕ್ಲಿಂಗಾನ್ ಭಾಷೆಗೆ ಪುಣೆಯ ದೂರದ ನಂಟೊಂದಿದೆ. ಅದರ ಮೊದಲ ಕೆಲವು ಪದಗಳನ್ನು 1979ರ ಸಿನಿಮಾಕ್ಕಾಗಿ ನಟ ಜೇಮ್ಸ್ ಡೂಹನ್ ಮಾಡಿದ್ದರು. 1984ರ ಮೂರನೇ ಸಿನಿಮಾಕ್ಕಾಗಿ ಅದನ್ನು ಪೂರಾ ಭಾಷೆಯಾಗಿ ಕಟ್ಟಿದವರು ಮಾರ್ಕ್ ಓಕ್ರಂಡ್. ಮರುವರ್ಷ ನಿಘಂಟೂ ಬಂತು. ಓಕ್ರಂಡ್ ಅವರ ಸಂಬಳದ ಕೆಲಸ ಟಿವಿ ಕಾರ್ಯಕ್ರಮಗಳಿಗೆ ಕಿವುಡರಿಗಾಗಿ ಅಕ್ಷರ ಸಾಲು ಹಾಕಿಸುವುದು. ಅಂದರೆ ನಮ್ಮದೇ ಕಸುಬಿನ ಬೀದಿಯವರು. ಅವರ ಪಿಎಚ್‌ಡಿ 1977ರಲ್ಲಿ ಬರ್ಕ್‌ಲಿಯಲ್ಲಿ, ಮೇರಿ ಹಾಸ್ ಅವರ ಕೈಕೆಳಗೆ. ವಿಷಯ, ಕ್ಯಾಲಿಫೋರ್ನಿಯಾದ ಮುಟ್ಸುನ್ ಭಾಷೆಯ ವ್ಯಾಕರಣ. ಅದರ ಕೊನೆಯ ನಿರರ್ಗಳ ಮಾತುಗಾರ್ತಿ 1930ರಲ್ಲೇ ತೀರಿಕೊಂಡಿದ್ದರು, ಉಳಿದಿದ್ದುದು ಟಿಪ್ಪಣಿಗಳು ಮಾತ್ರ.

ಅದೇ ಬರ್ಕ್‌ಲಿಯಲ್ಲಿ, ಅದೇ ಹಾಸ್ ಅವರ ಬಳಿ ಕಲಿತ ಇನ್ನೊಬ್ಬರು ವಿಲಿಯಂ ಬ್ರೈಟ್. 1955ರಲ್ಲಿ ಕ್ಯಾಲಿಫೋರ್ನಿಯಾದ ಕರೋಕ್ ಭಾಷೆಯ ಮೇಲೆ ಪ್ರಬಂಧ ಮುಗಿಸಿದವರೇ ಪುಣೆಯ ಡೆಕ್ಕನ್ ಕಾಲೇಜಿಗೆ ಬಂದರು. ಇಲ್ಲಿ ಅವರು ಕೈಗೆತ್ತಿಕೊಂಡದ್ದು ಕನ್ನಡವನ್ನು, ಅದೂ ಆಡುಗನ್ನಡವನ್ನು. 1958ರಲ್ಲಿ ಡೆಕ್ಕನ್ ಕಾಲೇಜು ಪ್ರಕಟಿಸಿದ ‘ಆನ್ ಔಟ್‌ಲೈನ್ ಆಫ್ ಕೊಲೊಕ್ವಿಯಲ್ ಕನ್ನಡ’ ಅವರದು. ಮುಂದೆ ಎ. ಕೆ. ರಾಮಾನುಜನ್ ಜೊತೆಗೂಡಿ ಜಾತಿವಾರು ಮಾತಿನ ಭೇದಗಳ ಬಗ್ಗೆ ಬರೆದರು. ಯೆರವಡಾದ ಆ ಕಲ್ಲು ಕಟ್ಟಡದ ಮುಂದೆ ಹಾದುಹೋಗುವಾಗಲೆಲ್ಲ ನನಗೆ ಒಳಗೇ ನಗು ಬರುತ್ತದೆ: ಕನ್ನಡ ಮತ್ತು ಕ್ಲಿಂಗಾನ್, ಒಬ್ಬ ಗುರುವಿನ ಇಬ್ಬರು ಶಿಷ್ಯರು ಬರೆದ ಎರಡು ವ್ಯಾಕರಣ.

ಓಕ್ರಂಡ್ ಭಾಷೆಯನ್ನು ಬೇಕೆಂದೇ ವಿಚಿತ್ರ ಮಾಡಿದರು. ನಾಲಿಗೆ ಮಡಚಿ ಹೇಳುವ ‘ಡ’ ಇದೆ, ಅದರ ಜೋಡಿ ‘ಟ’ ಇಲ್ಲ. ‘ಷ’ ಹೋಲುವ ದನಿಯಿದೆ, ‘ಸ’ ಇಲ್ಲ. ಪದಗಳ ಕ್ರಮವೋ ಜಗತ್ತಿನಲ್ಲಿ ತೀರಾ ಅಪರೂಪದ್ದು: ಮೊದಲು ಕರ್ಮ, ಆಮೇಲೆ ಕ್ರಿಯಾಪದ, ಕೊನೆಗೆ ಕರ್ತೃ. ಇಂಗ್ಲಿಷಿನವರಿಗೆ ತಲೆ ತಿರುಗಬೇಕು. ‘ಹಣ್ಣು ತಿಂತು ಮಂಗ’ ಎನ್ನುವ ನಮ್ಮ ಜಗಲಿಗೆ ಅದೇನು ಮಹಾ? ವಿಭಕ್ತಿ ಇರುವವರು ಪದ ಎಲ್ಲಿಟ್ಟರೂ ಬದುಕುತ್ತಾರೆ.

2017ರಲ್ಲಿ ‘ಡಿಸ್ಕವರಿ’ ಬಂದಾಗ ಕ್ಲಿಂಗಾನರು ನಿಮಿಷಗಟ್ಟಲೆ ತಮ್ಮದೇ ಭಾಷೆಯಲ್ಲಿ ಮಾತಾಡಿದರು. ಇಲ್ಲಿ ಅದನ್ನು ತೋರಿಸಿದ ವೇದಿಕೆ ಕ್ಲಿಂಗಾನ್ ಸಬ್‌ಟೈಟಲನ್ನೂ ಕೊಟ್ಟಿತ್ತು. ಕನ್ನಡದ್ದು ಹುಡುಕಿದೆ, ಕಾಣಲಿಲ್ಲ. ದೂರುವುದು ಯಾರನ್ನು? ನಾವಾದರೂ ಡಬ್ಬಿಂಗ್ ಬೇಡವೆಂದು ದಶಕಗಟ್ಟಲೆ ಬಾಗಿಲು ಹಾಕಿಕೊಂಡಿದ್ದವರು. 2015ರಲ್ಲಿ ಸ್ಪರ್ಧಾ ಆಯೋಗ ದಂಡ ಹಾಕಿದ ಮೇಲಷ್ಟೇ ಅದು ಸಡಿಲವಾದದ್ದು. ಕರ್ಕ್ ಸ್ಪಾಕ್‌ನನ್ನು ‘ನೀನು’ ಅನ್ನಬೇಕೋ ‘ನೀವು’ ಅನ್ನಬೇಕೋ ಎಂದು ಯಾವ ಕನ್ನಡದ ಅನುವಾದಕರೂ ತಲೆ ಕೆರೆದುಕೊಳ್ಳುವ ಅವಕಾಶವೇ ಬರಲಿಲ್ಲ.

‘ಡೀಪ್ ಸ್ಪೇಸ್ ನೈನ್’ 1993ರ ಒಂದು ಕಂತಿನಲ್ಲಿ ಹೊಸ ನಿರಾಶ್ರಿತರ ಭಾಷೆ ಯಂತ್ರಕ್ಕೆ ದಕ್ಕಲು ಸಾಕಷ್ಟು ಹೊತ್ತು ತೆಗೆದುಕೊಳ್ಳುತ್ತದೆ. ಅಷ್ಟು ಹೊತ್ತು ಎಲ್ಲರೂ ಕೈಸನ್ನೆಯಲ್ಲಿ ಒದ್ದಾಡುತ್ತಾರೆ. ಚೆನ್ನಾಗಿದೆ, ಆದರೆ ಅಷ್ಟೇ. ‘ವಾಯೇಜರ್’ ಹೊಚ್ಚಹೊಸ ನಕ್ಷತ್ರಲೋಕಕ್ಕೆ ಹೋಗಿಯೂ ಈ ವಿಷಯದಲ್ಲಿ ತಲೆ ಕೆಡಿಸಿಕೊಂಡದ್ದು ಕಡಿಮೆ.

ಇನ್ನು ನನ್ನ ‘ಎಂಟರ್‌ಪ್ರೈಸ್’. ಅದರ ಕಾಲ ಕರ್ಕ್‌ಗಿಂತ ನೂರು ವರ್ಷ ಹಿಂದಿನದು. ಯಂತ್ರ ಇನ್ನೂ ಎಳಸು. ಹಾಗಾಗಿ ನೌಕೆಗೆ ಒಬ್ಬ ಮನುಷ್ಯರು ಬೇಕು. ಲಿಂಡಾ ಪಾರ್ಕ್ ನಟಿಸಿದ ಹೋಶಿ ಸಾಟೊ ಭಾಷಾ ಶಿಕ್ಷಕಿ. ಬ್ರೆಜಿಲ್‌ನಲ್ಲಿ ಪಾಠ ಮಾಡುತ್ತಿದ್ದವಳನ್ನು ಕ್ಯಾಪ್ಟನ್ ಕರೆದೊಯ್ಯುವುದು ಸಂಬಳದ ಆಸೆ ತೋರಿಸಿ ಅಲ್ಲ. ಕ್ಲಿಂಗಾನ್ ಮಾತಿನ ಮುದ್ರಣವೊಂದನ್ನು ಕೇಳಿಸಿ. ಕೇಳಿದ ಮೇಲೆ ಅವಳು ಒಲ್ಲೆ ಎನ್ನಲಾರಳು. ಈ ರೋಗ ನಾನು ಬಲ್ಲೆ.

ಅವಳು ಹೆದರುಪುಕ್ಕಲಿ. ‘ಫೈಟ್ ಆರ್ ಫ್ಲೈಟ್’ ಕಂತಿನಲ್ಲಿ ಹೆಣಗಳನ್ನು ನೇತುಹಾಕಿದ ನೌಕೆಯೊಳಗೆ ಚೀರುತ್ತಾಳೆ, ವಾಪಸು ಹೋಗಿ ಪಾಠ ಮಾಡಿಕೊಂಡಿರುತ್ತೇನೆ ಎನ್ನುತ್ತಾಳೆ. ಕೊನೆಗೆ ಸತ್ತವರ ಕಡೆಯವರೇ ಬಂದು, ಕೊಂದವರು ಇವರೇ ಎಂದು ತಿಳಿಯುವ ಹೊತ್ತಿನಲ್ಲಿ ಯಂತ್ರ ಕೈಕೊಡುತ್ತದೆ. ಅವಳು ಅದನ್ನು ಬಿಟ್ಟು ಆಗಷ್ಟೇ ಹಿಡಿದ ಹರಕು ಮುರುಕು ವ್ಯಾಕರಣದಲ್ಲಿ ತಾನೇ ಮಾತಾಡಬೇಕು. ತಪ್ಪಾದರೆ ಸಾಯುವುದು ಎಂಬತ್ತಕ್ಕೂ ಹೆಚ್ಚು ಜನ. ಅನುವಾದವೆಂದರೆ ಹೊಣೆ ಹೊತ್ತು ಊಹಿಸುವುದು ಎಂದು ತೋರಿಸಿದ ದೃಶ್ಯ ಈ ಇಡೀ ಪರಿವಾರದಲ್ಲಿ ನನಗೆ ಬೇರೊಂದು ಸಿಕ್ಕಿಲ್ಲ. ಡಾರ್ಮಾಕ್‌ನಲ್ಲಿ ಕಲಿಯುವವನು ಕ್ಯಾಪ್ಟನ್, ಅವನು ಹೇಗಿದ್ದರೂ ನಾಯಕ. ಇಲ್ಲಿ ಕಸುಬಿನವಳು ತನ್ನ ಕಸುಬು ಮಾಡುತ್ತಾಳೆ, ಬೆವರುತ್ತ.

ಕಥೆಯಲ್ಲಿ ಅವಳ ಕೆಲಸದಿಂದಲೇ ಯಂತ್ರ ಪಳಗುತ್ತದೆ. ಕರ್ಕ್‌ನ ಕಾಲಕ್ಕೆ ಅವಳ ಅಗತ್ಯವಿಲ್ಲ. ಇದನ್ನು ಮೊದಲ ಸಲ ನೋಡಿದಾಗ ನಾನು ವಿದ್ಯಾರ್ಥಿ, ಗೂಗಲ್ ಅನುವಾದಕ್ಕೆ 2011ರಲ್ಲಿ ಕನ್ನಡ ಸೇರಿ ಹೆಚ್ಚು ದಿನವಾಗಿರಲಿಲ್ಲ. ಅದರ ಕನ್ನಡ ಓದಿ ಹಾಸ್ಟೆಲಿನಲ್ಲಿ ಬಿದ್ದು ಬಿದ್ದು ನಗುತ್ತಿದ್ದೆವು. ಈಗ ನಗು ಬರುವುದಿಲ್ಲ. ಕಳೆದ ವರ್ಷ ನನಗೆ ಕೆಲಸ ಕೊಡುವ ಸಂಸ್ಥೆಯೊಂದು ಪದಕ್ಕೆ ಕೊಡುವ ದರವನ್ನು ಅರ್ಧಕ್ಕಿಳಿಸಿತು. ಅನುವಾದ ಯಂತ್ರವೇ ಮಾಡಿರುತ್ತದೆ, ನೀವು ಒಮ್ಮೆ ಕಣ್ಣಾಡಿಸಿದರೆ ಸಾಕು ಎಂದರು. ಯಂತ್ರದ ಕನ್ನಡ ಬಹುಪಾಲು ಸರಿಯಿರುತ್ತದೆ, ಕಷ್ಟ ಅದೇ.

ಕಳೆದ ಸಲ ಕಾಕಾ ಹಟ ಮಾಡಿ ‘ಹಾಕು ನಿನ್ನ ಹೋಶಿಯನ್ನ’ ಎಂದರು. ಎಲ್ಲರೂ ‘ಫೈಟ್ ಆರ್ ಫ್ಲೈಟ್’ ನೋಡಿದೆವು. ಮುಗಿದ ಮೇಲೆ ಕಾಕಾ ಸ್ವಲ್ಪ ಹೊತ್ತು ಸುಮ್ಮನಿದ್ದು, ‘ಹುಡುಗಿ ಚೆನ್ನಾಗಿದ್ದಾಳೆ, ಸರಣಿ ಕೆಟ್ಟದೇ’ ಎಂದು ತೀರ್ಪು ಕೊಟ್ಟರು. ಗೆಳತಿಯ ಗಂಡ ಎಂದಿನಂತೆ ಸ್ಪೇಸ್ ಸ್ಟೇಷನ್ನಿಗೆ ಮಾತು ತಿರುಗಿಸಿದ.

ಅಂದು ರಾತ್ರಿ ಮನೆಗೆ ಬಂದು ಅರ್ಧ ಬಿಟ್ಟಿದ್ದ ಫೈಲು ತೆರೆದೆ. ಶಸ್ತ್ರಚಿಕಿತ್ಸೆ ಆದವರಿಗೆ ಮನೆಗೆ ಹೋಗುವಾಗ ಕೊಡುವ ಎರಡು ಪುಟದ ಸೂಚನೆ. ಮೊದಲ ಸಾಲು ರೋಗಿಯನ್ನು ‘ನೀವು’ ಎನ್ನುತ್ತಿತ್ತು, ನಾಲ್ಕನೆಯದು ‘ಮಾತ್ರೆ ನುಂಗು’ ಎಂದು ಗದರುತ್ತಿತ್ತು. ಒಂಬತ್ತನೇ ಸಾಲಿನಲ್ಲಿ, ವ್ಯಾಕರಣದಲ್ಲಿ ಒಂದು ತಪ್ಪೂ ಇಲ್ಲದೆ, ‘ಗಾಯದಿಂದ ಬಿಡುಗಡೆಯಾದರೆ ಕೂಡಲೇ ವೈದ್ಯರಿಗೆ ತಿಳಿಸಿ’ ಎಂದಿತ್ತು. ಇಂಗ್ಲಿಷಿನ ‘ಡಿಸ್ಚಾರ್ಜ್’ ಇಲ್ಲಿ ಬಿಡುಗಡೆ ಆಗಿತ್ತು. ಅಳಿಸಿ, ‘ಗಾಯದಿಂದ ಕೀವು ಅಥವಾ ನೀರು ಸೋರಿದರೆ’ ಎಂದು ಬರೆದು, ಹತ್ತನೆಯ ಸಾಲಿಗೆ ಹೋದೆ.