ಒಣ ಎಲೆಗೆ ಬೆಂಕಿಯೋ, ಗುಂಡಿಯೋ?

ಕೃಷಿ ಪಠ್ಯಗಳಲ್ಲಿ ಕಸಗೊಬ್ಬರಕ್ಕೂ ಬೆಂಗಳೂರಿನ ಹೆಸರಿದೆ. 1939ರಲ್ಲಿ ಭಾರತೀಯ ವಿಜ್ಞಾನ ಸಂಸ್ಥೆಯ ಸಿ.ಎನ್. ಆಚಾರ್ಯ ಅವರು ರೂಪಿಸಿದ ಕ್ರಮವೇ 'ಬೆಂಗಳೂರು ವಿಧಾನ'. ಆಲ್ಬರ್ಟ್ ಹೋವರ್ಡ್ ಅವರ ಇಂದೂರು ಪದ್ಧತಿಯಲ್ಲಿ ರಾಶಿಯನ್ನು ಆಗಾಗ ಮಗುಚಬೇಕಿತ್ತು. ಇಲ್ಲಿ ಆ ದುಡಿಮೆ ಇಲ್ಲ: ಗುಂಡಿಯಲ್ಲಿ ಒಂದು ಪದರ ಊರ ಕಸ, ಒಂದು ಪದರ ಮಲ, ಮೇಲೆ ಮಣ್ಣು ಮುಚ್ಚಿದರೆ ಆರೆಂಟು ತಿಂಗಳಲ್ಲಿ ಗೊಬ್ಬರ. ಪುರಸಭೆಗಳಿಗೆ ಹೇಳಿ ಮಾಡಿಸಿದಂತಹ ಕ್ರಮ. (ಆ ಮಲವನ್ನು ಹೊತ್ತವರ ಬವಣೆ ಬೇರೆಯದೇ ಕಥೆ.)

ಆದರೆ ಬೀದಿಯ ಒಣ ಎಲೆಗೆ ಸಿಕ್ಕಿದ್ದು ಹೆಚ್ಚಾಗಿ ಬೆಂಕಿಕಡ್ಡಿ. ಕಸವನ್ನಾಗಲಿ ಎಲೆಯನ್ನಾಗಲಿ ಸುಡಬಾರದೆಂದು ಕೇಂದ್ರದ ನಿಯಮಗಳು 2000ದಲ್ಲೇ ನಗರಾಡಳಿತಗಳಿಗೆ ವಿಧಿಸಿದವು. 2016ರ ಡಿಸೆಂಬರಿನಲ್ಲಿ ರಾಷ್ಟ್ರೀಯ ಹಸಿರು ನ್ಯಾಯಮಂಡಳಿ ಬಯಲಲ್ಲಿ ಕಸ ಸುಟ್ಟರೆ 5,000 ರೂಪಾಯಿ, ಭಾರಿ ಪ್ರಮಾಣವಾದರೆ 25,000 ರೂಪಾಯಿ ದಂಡವೆಂದಿತು. ಗುಡಿಸುವವರಿಗೆ ಎಲೆ ಸಾಗಿಸುವ ಗಾಡಿಯನ್ನೂ ಸುರಿಯುವ ಗುಂಡಿಯನ್ನೂ ಒದಗಿಸದ ಊರಿನಲ್ಲಿ ಆ ದಂಡ ತೆರಬೇಕಾದವರು ಯಾರೆಂಬುದೇ ತೊಡಕು.